ಇನ್ನೂರಾ ಹನ್ನೆರಡು ಹೊಗೆ

ಸವತೆಕಾಯಿಯಂಥ ಕೌಂಟಿ

ಕೀನ್ಯಾದಲ್ಲಿ ಜಿಲ್ಲೆಗೆ ಕೌಂಟಿ ಎನ್ನುತ್ತಾರೆ. ನಾನು ಆರು ವಾರ ಇದ್ದು ಬಂದ ಕೌಂಟಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹಳ್ಳಿಯ ಹೆಸರನ್ನೂ ಬದಲಿಸಿದ್ದೇನೆ. ಕಾರಣ ಮುಂದೆ ತಿಳಿಯುತ್ತದೆ. ತಿಳಿದ ಮೇಲೆ ದಯವಿಟ್ಟು ಹುಡುಕಲು ಹೋಗಬೇಡಿ.

ಆ ಕೌಂಟಿ ಸವತೆಕಾಯಿಯ ಹಾಗೆ ಉದ್ದ, ಅಗಲ ಕಡಿಮೆ. ಸವತೆಕಾಯಿಯನ್ನು ಉದ್ದಕ್ಕೆ ಮೂರು ಸೀಳು ಮಾಡಿದರೆ ಅದರ ಭೂಗೋಳ ಮುಗಿಯಿತು. ಪಶ್ಚಿಮದ ಸೀಳು ಎತ್ತರದ ಬಯಲು. ಅಲ್ಲಿ ಚಳಿ, ಬಟಾಟೆ, ಕುರಿ, ಮತ್ತು ಜನಸಂಖ್ಯೆಯ ಮುಕ್ಕಾಲು ಪಾಲು. ಪೂರ್ವದ ಸೀಳು ಕೆಳಗಿನ ಕಣಿವೆ. ಅಲ್ಲಿ ಬಿಸಿಲು, ಮಾವು, ಮುಳ್ಳುಗಿಡ, ಆ ಮುಳ್ಳುಗಿಡದ ಮೇಲೆ ಮುಂಗಾಲಿಟ್ಟು ನಿಂತ ಆಡುಗಳು. ನಡುವಿನ ಸೀಳು ಇವೆರಡರ ನಡುವೆ ತೂಗುಬಿದ್ದ ಕಡಿದಾದ ಇಳಿಜಾರು.

ಶಿರಸಿಯವಳಾದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಘಟ್ಟದ ಮೇಲೆ, ಘಟ್ಟ, ಘಟ್ಟದ ಕೆಳಗೆ. ಮೇಲಿನವರು ಕೆಳಗಿನವರನ್ನು ಬಿಸಿಲಿಗೆ ಮೈಗಳ್ಳರಾದವರು ಎನ್ನುತ್ತಾರೆ. ಕೆಳಗಿನವರು ಮೇಲಿನವರನ್ನು ಚಳಿಗೆ ಕೈ ಮುಷ್ಟಿ ಕಟ್ಟಿದವರು, ಮತ್ತೆ ಬಿಚ್ಚಲೇ ಇಲ್ಲ ಎನ್ನುತ್ತಾರೆ. ಕುಮಟೆಯ ಗೆಳತಿಯೊಬ್ಬಳು ನನ್ನ ಬಗ್ಗೆ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದಳು. ಆಫ್ರಿಕಾಕ್ಕೆ ಬಂದ ಎರಡನೆಯ ದಿನ ಅದೇ ಮಾತು ಕಿವಿಗೆ ಬಿದ್ದದ್ದರಿಂದ ಊರು ಬಿಟ್ಟು ಬಂದೆನೋ ಇಲ್ಲವೋ ಎಂಬ ಅನುಮಾನ ಶುರುವಾಯಿತು.

ನಾನು ಭೂಗೋಳ ಓದಿದವಳು. ನಕ್ಷೆ ಮಾಡುವುದು ಕೆಲಸ. ಎರಡು ವಿಶ್ವವಿದ್ಯಾಲಯಗಳ ನಡುವಿನ ಒಪ್ಪಂದದ ಮೇಲೆ ಅಲ್ಲಿಯ ಉಪಕೌಂಟಿ ಕಚೇರಿಗೆ ನೆರವಾಗಲು ಹೋಗಿದ್ದೆ. ಉಪಕೌಂಟಿ ಎಂದರೆ ನಮ್ಮ ತಾಲೂಕು. ಅದರ ಕೆಳಗೆ ಲೊಕೇಶನ್, ಅದರ ಕೆಳಗೆ ಸಬ್‌ಲೊಕೇಶನ್, ತೀರ ಕೆಳಗೆ ಹಳ್ಳಿ. ಇದು ಸರ್ಕಾರಿ ನೌಕರರ ಏಣಿ. ಪಕ್ಕದಲ್ಲೇ ಚುನಾವಣೆ ಗೆದ್ದವರ ಇನ್ನೊಂದು ಏಣಿ ಇದೆ: ಗವರ್ನರು, ವಾರ್ಡಿನ ಸದಸ್ಯ. ಒಂದು ಏಣಿಯವರನ್ನು ಏನು ಕೇಳಿದರೂ ಇನ್ನೊಂದು ಏಣಿಯತ್ತ ಬೆರಳು ತೋರಿಸುತ್ತಾರೆ. ಇದನ್ನೂ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ನಡುವಿನ ಸೀಳಿನ ಒಂದು ಸಬ್‌ಲೊಕೇಶನ್. ಅದರ ಮಧ್ಯದಲ್ಲಿ ಒಂದು ಹೊಳೆ ಆಳವಾಗಿ ಕೊರೆದುಕೊಂಡು ಇಳಿಯುತ್ತದೆ. ಕಚೇರಿ, ಶಾಲೆ, ಸಂತೆ ಎಲ್ಲ ಆಚೆ ದಡದಲ್ಲಿ. ಈಚೆ ದಡದ ಕಪ್ಸೊಮೊ ಎಂಬ ಹಳ್ಳಿಯವರು ತಮಗೆ ಬೇರೆ ಸಬ್‌ಲೊಕೇಶನ್ ಬೇಕು ಎಂದು ಅರ್ಜಿ ಹಾಕಿದ್ದರು. ಶಿರಸಿ ಜಿಲ್ಲೆಯಾಗಬೇಕು ಎಂಬ ಮಾತನ್ನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದವಳಿಗೆ ಅರ್ಜಿ ಓದುವ ಮೊದಲೇ ಅವರ ಮೇಲೆ ಪ್ರೀತಿ ಬಂದುಬಿಟ್ಟಿತು. ನಕ್ಷೆ ಮಾಡುವವಳಿಗೆ ಅದು ಒಳ್ಳೆಯ ಲಕ್ಷಣವಲ್ಲ.

ಉಪಕೌಂಟಿಯ ಮುಖ್ಯಾಧಿಕಾರಿ ಮೇಡಂ, ಬಿಗಿಯಾಗಿ ಜಡೆ ಹೆಣೆದುಕೊಂಡ, ನಿಧಾನಕ್ಕೆ ಮಾತಾಡುವ ಹೆಂಗಸು, ಷರತ್ತು ಹೇಳಿದರು. "ಕಪ್ಸೊಮೊ ದಡದಲ್ಲಿ ನೂರಕ್ಕೆ ಮೇಲೆ ಮನೆ ಇದ್ದರೆ ಕಡತ ಮೇಲಕ್ಕೆ ಕಳಿಸುತ್ತೇನೆ. ನೂರು ಅಂದರೆ ಸಾಲದು, ಮೇಲೆ ಇರಬೇಕು. ಮುಂದಿನ ಶುಕ್ರವಾರ ನಾನೇ ಬರುತ್ತೇನೆ. ಅಷ್ಟರೊಳಗೆ ನಕ್ಷೆ, ಮನೆಗಳ ಸಂಖ್ಯೆ ಎರಡೂ ಬೇಕು."

ಇಷ್ಟೇ ಕೆಲಸ. ಒಂದು ವಾರ ಧಾರಾಳವಾಯಿತು ಅಂದುಕೊಂಡೆ.

ಕಾಲುಸಂಕ

ಹೊಳೆಗೆ ಮೂರು ಮರದ ದಿಮ್ಮಿಗಳ ಸಂಕ. ನನ್ನನ್ನು ಕರೆದೊಯ್ಯಲು ಬಂದವರು ಆ ಸಬ್‌ಲೊಕೇಶನ್ನಿನ ಚೀಫ್. ನಿಜವಾದ ಹುದ್ದೆ ಅಸಿಸ್ಟೆಂಟ್ ಚೀಫ್. ಆದರೆ ಎದುರಿಗೆ ಆ ಮೊದಲ ಪದ ಬಳಸುವ ಧೈರ್ಯ ಯಾರಿಗೂ ಇಲ್ಲ. ಭಾರೀ ಆಳು, ಖಾಕಿ ಅಂಗಿ, ಅಗಲ ಅಂಚಿನ ಟೋಪಿ, ಎರಡೂ ಮಂಡಿಗಳಲ್ಲಿ ನೋವು. ಸಬ್‌ಲೊಕೇಶನ್ ಒಡೆದರೆ ಅವರ ರಾಜ್ಯ ಅರ್ಧವಾಗುತ್ತದೆ. ಹಾಗಾಗಿ ಅವರಿಗೆ ನನ್ನ ಕೆಲಸದಲ್ಲಿ ಆಸಕ್ತಿ ಇತ್ತು, ಉತ್ಸಾಹ ಇರಲಿಲ್ಲ.

"ಕಪ್ಸೊಮೊ ದಡದಲ್ಲಿ ಅರವತ್ತು ಮನೆ ಇದ್ದರೆ ಹೆಚ್ಚು," ಎಂದರು. "ಸಂಕ ಹಿಡಿದುಕೊಂಡು ಕೂತು ದಾಟಿ, ಮಗಳೇ. ಪಟ್ಟಣದವರು ಹಾಗೇ ದಾಟುವುದು."

ನಾನು ಶಿರಸಿ ಹತ್ತಿರದ ಬೈರುಂಬೆ ಕಡೆಯವಳು. ಕಾಲುಸಂಕದ ಮೇಲೆ ಕೂತು ದಾಟಿದೆ ಎಂದು ಊರಲ್ಲಿ ಗೊತ್ತಾದರೆ ನನ್ನ ಕಥೆ ಮುಗಿದ ಹಾಗೆ. ಚಪ್ಪಲಿ ಕೈಯಲ್ಲಿ ಹಿಡಿದು, ಹೊಳೆ ನೋಡದೆ, ಆಚೆ ತುದಿ ನೋಡುತ್ತ ನಡೆದೆ. ಚೀಫ್ ಹಿಂದೆ ನಿಂತು ಏನೋ ಮೆಚ್ಚುಗೆಯ ಸದ್ದು ಮಾಡಿದರು. ಆ ಮೆಚ್ಚುಗೆಗೆ ಹಿಂತಿರುಗಿ ಮುಗುಳ್ನಕ್ಕು, ಸಪಾಟು ನೆಲದ ಮೇಲೆ ಎರಡು ಹೆಜ್ಜೆ ಇಟ್ಟು, ಜಾರಿಬಿದ್ದು ಕಾಲು ಉಳುಕಿಸಿಕೊಂಡೆ.

ಹೀಗೆ ಕುಂಟುತ್ತ ನಾನು ಮಾಮಾ ಜೆರೊಪ್ ಅವರ ಮನೆ ಸೇರಿದೆ. ಮಾಮಾ ಎಂದರೆ ಅಲ್ಲಿ ಅಮ್ಮ. ಹೆಂಗಸರನ್ನು ಅವರ ಮಗುವಿನ ಹೆಸರಿನಿಂದ ಕರೆಯುತ್ತಾರೆ: ಜೆರೊಪ್‌ಳ ಅಮ್ಮ. ಶಿರಸಿಯಲ್ಲಿ ಕೂತ ನನ್ನ ಅಮ್ಮನಿಗೆ ಇದನ್ನು ಬಿಡಿಸಿ ಹೇಳುವ ತನಕ ಆಕೆ ನಾನು ಯಾವುದೋ ಗಂಡಸಿನ ಮನೆಯಲ್ಲಿದ್ದೇನೆಂದು ಊಟ ಬಿಟ್ಟಿದ್ದಳು. ಮಾಮಾ ಆ ಹಳ್ಳಿಯ ಹಿರಿಯರಲ್ಲಿ ಒಬ್ಬರು, ಅರ್ಜಿಯ ಹಿಂದಿನ ಕೈ. ಸಣ್ಣ ಆಕಾರ, ದೊಡ್ಡ ದನಿ, ಯಾವಾಗಲೂ ನೋಯುವ ಬೆನ್ನು.

ಅವರ ಮಗಳು ಜೆರೊಪ್‌ಗೆ ಹದಿನೆಂಟು. ಆ ಹೆಸರಿನ ಅರ್ಥ ಮಳೆ ಬರುವಾಗ ಹುಟ್ಟಿದವಳು. ಅವಳ ತೊಂದರೆಯೂ ಮಳೆಯೇ. ಹದಿನೆಂಟಾದವರಿಗೆ ಸರ್ಕಾರದ ಗುರುತಿನ ಚೀಟಿ ಬೇಕು, ಅದಕ್ಕೆ ಚೀಫ್‌ರ ಸಹಿ ಬೇಕು, ಸಹಿಗೆ ಹೊಳೆ ದಾಟಬೇಕು. ಎರಡು ಸಲ ಅವಳು ಹೊರಟ ದಿನವೇ ಸಂಕ ಕೊಚ್ಚಿಹೋಗಿತ್ತು. ಮೂರನೆಯ ಸಲ ಸಂಕ ಇತ್ತು, ಚೀಫ್ ಇರಲಿಲ್ಲ. ಚೀಟಿ ಇಲ್ಲದೆ ಕಾಲೇಜಿನ ನರ್ಸಿಂಗ್ ಸೀಟು ಕಾಯುತ್ತಿತ್ತು, ಬಹಳ ದಿನ ಕಾಯುವುದಿಲ್ಲ ಎಂದು ಕಾಗದವೂ ಬಂದಿತ್ತು.

"ಸರ್ಕಾರದ ಪ್ರಕಾರ ಇವಳು ಇನ್ನೂ ಹುಟ್ಟಿಲ್ಲ," ಮಾಮಾ ಹೇಳಿದರು. "ಆದರೆ ಉಣ್ಣುವುದು ನೋಡು, ಇಬ್ಬರ ಹಾಗೆ."

"ಅಮ್ಮಾ," ಎಂದಳು ಜೆರೊಪ್.

ಎಣಿಸದವರು

ಆಕಾಶದಿಂದ ತೆಗೆದ ಚಿತ್ರಗಳು ನನ್ನಲ್ಲಿದ್ದವು. ಅದರಲ್ಲಿ ಸೂರುಗಳು ಬೇಕಾದಷ್ಟು ಕಾಣುತ್ತಿದ್ದವು. ಆದರೆ ಅಲ್ಲಿ ಒಂದು ಅಂಗಳದಲ್ಲಿ ಮಲಗುವುದಕ್ಕೊಂದು ಗುಡಿಸಲು, ಅಡುಗೆಗೊಂದು, ಮೆಕ್ಕೆಜೋಳದ ಕಣಜಕ್ಕೊಂದು, ಆಡಿಗೊಂದು. ಯಾವ ಸೂರು ಮನೆ, ಯಾವುದು ಆಡಿನದು ಎಂದು ಆಕಾಶಕ್ಕೆ ಗೊತ್ತಾಗುವುದಿಲ್ಲ. ಕಚೇರಿಯ ನಿಯಮದಲ್ಲಿ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು ಒಂದು ಮನೆ. ಈ ನಿಯಮ ನನಗೆ ಹಿಡಿಸಿತು. ನಮ್ಮಲ್ಲೂ ಅಣ್ಣತಮ್ಮಂದಿರು ಹಿಸೆಯಾದರೆ ಸೂರು ಒಂದೇ ಇದ್ದರೂ ಒಲೆ ಎರಡಾಗುತ್ತದೆ, ಆ ದಿನದಿಂದ ಅದು ಎರಡು ಮನೆ.

ಕೋಲು ಊರಿಕೊಂಡು ಮೊದಲ ಅಂಗಳಕ್ಕೆ ಹೋದೆ. ಜೆರೊಪ್ ನನ್ನ ಮಾತನ್ನು ಅವರ ಭಾಷೆಗೆ ತಿರುಗಿಸಿ ಹೇಳುತ್ತಿದ್ದಳು.

"ನಿಮ್ಮ ಮನೆಯಲ್ಲಿ ಎಷ್ಟು ಜನ?"

ಆ ಮನೆಯ ಹೆಂಗಸು ನನ್ನನ್ನು ನೋಡಿ, ತನ್ನ ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸಿದಳು. ಆಮೇಲೆ ಹೇಳಿದಳು, "ಇರುವಷ್ಟು ಜನ."

ಎರಡನೆಯ ಮನೆಯ ಮುದುಕ ಹೆಸರುಗಳನ್ನು ಹೇಳುತ್ತ ಹೋದ. ನಾನು ಬೆರಳು ಮಡಚುವುದು ಕಂಡ ಕೂಡಲೇ ನಿಲ್ಲಿಸಿದ. ಮೂರನೆಯ ಮನೆಯಲ್ಲಿ ಒಲೆಗಳೆಷ್ಟು ಎಂದು ಮಾತ್ರ ಕೇಳಿದೆ. "ಚಹಾ ಕುಡಿಯಿರಿ," ಎಂದರು. ಹಾಲಲ್ಲೇ ಪುಡಿ ಹಾಕಿ ಕುದಿಸಿದ, ನಮ್ಮದರಂಥದೇ ಚಹಾ. ಕುಡಿದು ಎದ್ದು ಬಂದೆ.

"ನಮ್ಮಲ್ಲಿ ಮಕ್ಕಳನ್ನು, ದನಗಳನ್ನು ಎಣಿಸಬಾರದು," ಜೆರೊಪ್ ದಾರಿಯಲ್ಲಿ ಹೇಳಿದಳು. "ಎಣಿಸಿದರೆ ಕಮ್ಮಿಯಾಗುತ್ತವೆ."

"ಸರ್ಕಾರದ ಗಣತಿಯವರು ಬಂದಾಗ?"

"ಹೇಳುತ್ತೇವೆ. ಒಬ್ಬಿಬ್ಬರನ್ನು ಬಿಟ್ಟು."

"ಹಾಗಾದರೆ ಕಪ್ಸೊಮೊದಲ್ಲಿ ನೂರು ಮನೆ ಇವೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ?"

"ಅದನ್ನು ನೋಡಲಿಕ್ಕೇ ನಿಮ್ಮನ್ನು ಕರೆಸಿದ್ದಲ್ಲವಾ," ಎಂದಳು. ನನ್ನ ಸಂಶೋಧನೆಯ ಬಗ್ಗೆ ಇಷ್ಟು ಚೊಕ್ಕ ವಿವರಣೆ ನನ್ನ ಪ್ರಾಧ್ಯಾಪಕರೂ ಕೊಟ್ಟಿರಲಿಲ್ಲ.

ನನಗೆ ನಗು ಬರಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಎಲೆಗೆ ಬಿದ್ದ ಹೋಳಿಗೆಯನ್ನು ಎಣಿಸಿದವರಿಗೆ ಅಜ್ಜಿಯ ಬೈಗುಳ ಗ್ಯಾರಂಟಿ. ಆದರೆ ಶುಕ್ರವಾರ ಹತ್ತಿರ ಬರುತ್ತಿತ್ತು, ಕಾಲು ಕುಂಬಳಕಾಯಿಯ ಹಾಗೆ ಊದಿಕೊಂಡಿತ್ತು. ಇಳಿಜಾರಿನ ಮೇಲೆ ಚೆಲ್ಲಾಡಿದ ಅಷ್ಟೂ ಅಂಗಳ ಹತ್ತಿಳಿಯುವುದು ಸಾಧ್ಯವೇ ಇರಲಿಲ್ಲ.

ಉಪಾಯ ಹೊಳೆದದ್ದು ಮಂಗಳವಾರ. ನಮ್ಮ ಅಜ್ಜ ಬೆಳಿಗ್ಗೆ ಜಗುಲಿಯಲ್ಲಿ ನಿಂತು ಎದುರು ಗುಡ್ಡೆಯ ಹೊಗೆ ನೋಡಿ ಯಾರ ಮನೆಯಲ್ಲಿ ಎದ್ದರು, ಯಾರ ಮನೆಯಲ್ಲಿ ಇನ್ನೂ ಹೊದ್ದು ಮಲಗಿದ್ದಾರೆ ಎಂದು ಹೇಳುತ್ತಿದ್ದ. ಮಾಮಾಳ ಮನೆಯ ಮೇಲೆ ಒಂದು ಬಂಡೆ ಇತ್ತು. ಅಲ್ಲಿಂದ ಬೋಗುಣಿಯ ಹಾಗಿದ್ದ ಇಡೀ ಇಳಿಜಾರು ಕಾಣುತ್ತಿತ್ತು. ಬೆಳಿಗ್ಗೆ ಅಲ್ಲಿ ಕೂತು ಹೊಗೆ ಎಣಿಸಿದರೆ?

ಮಾಮಾ ಬಹಳ ಹೊತ್ತು ಯೋಚಿಸಿದರು. "ಹೊಗೆ ಎಣಿಸಬಹುದು," ಎಂದರು ಕೊನೆಗೆ. "ಹೊಗೆ ಯಾರ ಮಗುವೂ ಅಲ್ಲ. ಆದರೆ ನಾಳೆ ಬೇಡ, ನಾಡಿದ್ದು ಮಾಡು. ಒಂದು ದಿನ ಮುಂಚೆ ಎಲ್ಲರಿಗೂ ಹೇಳಿ ಕಳಿಸುತ್ತೇನೆ, ಹೊತ್ತಿಗೆ ಸರಿಯಾಗಿ ಒಲೆ ಹೊತ್ತಿಸಲಿ."

ಎಷ್ಟು ಸಹಕಾರದ ಜನ ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆ.

ಬಂಡೆ

ಗುರುವಾರ ಬೆಳಕು ಹರಿಯುವ ಮೊದಲೇ ಜೆರೊಪ್ ಮತ್ತು ನಾನು ಬಂಡೆಯ ಮೇಲಿದ್ದೆವು. ಚಳಿ. ಕೆಳಗಿನ ಕಣಿವೆ ಇನ್ನೂ ಮಂಜಿನಲ್ಲಿತ್ತು. ಗಾಳಿ ಇರಲಿಲ್ಲ. ಮೊದಲು ಒಂದು ಹೊಗೆ ಎದ್ದಿತು, ಆಮೇಲೆ ನಾಲ್ಕು, ಆಮೇಲೆ ಬೋಗುಣಿಯ ತುಂಬ. ನೆಟ್ಟಗೆ, ನೀಲಿ ದಾರದ ಹಾಗೆ.

ಇಳಿಜಾರನ್ನು ಹಳ್ಳಗಳ ಗುರುತು ಹಿಡಿದು ಎಂಟು ಭಾಗ ಮಾಡಿಕೊಂಡಿದ್ದೆ. ಎಡದಿಂದ ಎಣಿಸಿದೆ: ಇನ್ನೂರಾ ಹನ್ನೆರಡು. ಬಲದಿಂದ ಎಣಿಸಿದೆ: ಇನ್ನೂರಾ ಹನ್ನೆರಡು. ನನ್ನ ವೃತ್ತಿಯಲ್ಲಿ ಇಂಥ ಬೆಳಗು ಪದೇ ಪದೇ ಬರುವುದಿಲ್ಲ.

ಅದಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಇನ್ನೊಂದು ಸಂಗತಿ. ಹೊಗೆಗಳು ಜೋಡಿ ಜೋಡಿಯಾಗಿ ಏಳುತ್ತಿದ್ದವು. ಒಂದು ದಪ್ಪ, ಅದರ ಮಗ್ಗುಲಲ್ಲಿ ಒಂದು ತೆಳು. ನಮ್ಮ ಕಡೆ ಬೆಳಿಗ್ಗೆ ಯಾವ ಮನೆಯನ್ನಾದರೂ ನೋಡಿ, ಹೀಗೆಯೇ. ದಪ್ಪನೆಯದು ಅಡುಗೆಮನೆಯದು, ತೆಳ್ಳನೆಯದು ಬಚ್ಚಲ ಒಲೆಯದು. ಸ್ನಾನದ ಹಂಡೆಗೆ ಬೆಂಕಿ ಹಾಕದೆ ನಮ್ಮಲ್ಲಿ ಬೆಳಗಾಗುವುದೇ ಇಲ್ಲ. ಮಾಮಾಳ ಮನೆಯಲ್ಲೂ ದಿನಾ ಬೆಳಿಗ್ಗೆ ನನ್ನ ಬಾಗಿಲಲ್ಲಿ ಮುಚ್ಚಿಟ್ಟ ಬೋಗುಣಿಯ ತುಂಬ ಬಿಸಿನೀರು ಇರುತ್ತಿತ್ತು. ಸ್ನಾನಕ್ಕೆ ತಗಡಿನ ಮರೆಯೊಂದಿತ್ತು. ಅದರಲ್ಲಿ ಒಲೆ ಕಾಣಲಿಲ್ಲ. ಹಿಂದೆಲ್ಲೋ ಹೊರಗಿನಿಂದ ಉರಿ ಹಾಕುತ್ತಾರೆ ಅಂದುಕೊಂಡಿದ್ದೆ. ಕೇಳಿರಲಿಲ್ಲ. ಕೇಳುವುದು ನನ್ನ ಸ್ವಭಾವವಲ್ಲ.

ಹಾಗಾಗಿ ಇನ್ನೂರಾ ಹನ್ನೆರಡನ್ನು ಎರಡರಿಂದ ಭಾಗಿಸಿ ನೂರಾ ಆರು ಎಂದು ಬರೆದೆ. ಕೆಳಗೆ ಸಹಿ ಹಾಕಿದೆ.

ಜೆರೊಪ್ ಇಣುಕಿ ನೋಡಿದಳು. "ಇದೇನು, ಅರ್ಧ ಮಾಡಿದಿರಿ?"

"ಮನೆಗೆ ಎರಡು ಹೊಗೆ. ಹಾಗಾಗಿ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನನಗಿಂತ ಮೊದಲೇ ಕೆಳಗಿಳಿದು ಓಡಿದಳು. ಆ ಮಧ್ಯಾಹ್ನದಿಂದ ಎಲ್ಲರೂ ನನ್ನ ಜೊತೆ ಬಹಳ ಜೋಪಾನವಾಗಿ ಮಾತಾಡತೊಡಗಿದರು. ಮುದುಕರು ಎದ್ದು ನಿಂತು ಜಾಗ ಬಿಟ್ಟರು. ಮಾಮಾ ಸೋರೆಬುರುಡೆಯ ಹುಳಿಹಾಲನ್ನು ಕೇಳದೆಯೇ ಎರಡು ಲೋಟ ಕೊಟ್ಟರು. ಕೆಲಸದ ಅಚ್ಚುಕಟ್ಟಿಗೆ ಸಿಕ್ಕ ಗೌರವ ಅಂದುಕೊಂಡು ಎರಡನ್ನೂ ಕುಡಿದೆ.

ಅಮ್ಮನ ಪ್ರಶ್ನೆ

ಫೋನಿನ ಸಿಗ್ನಲ್ ಸಿಗುತ್ತಿದ್ದುದು ಆ ಬಂಡೆಯ ಮೇಲೆ ಮಾತ್ರ. ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಆಕೆಯ ಮೊದಲ ಪ್ರಶ್ನೆ ದಿನಾ ಒಂದೇ.

"ಬಿಸ್ನೀರು ಸಿಕ್ತಾ?"

"ಸಿಕ್ತು," ಎಂದೆ. ನನ್ನನ್ನು ನಾನೇ ಹೊಗಳಿಕೊಳ್ಳುವವರ ಪೈಕಿಯಲ್ಲ ನಾನು. ಆದರೆ ಆ ದಿನ ತಡೆಯಲಾಗದೆ ಇನ್ನೂರಾ ಹನ್ನೆರಡರ ಕಥೆ ಹೇಳಿದೆ.

"ಮನೆಗೆ ಎರಡೆರಡು ಹೊಗೆ ಎಂತಕ್ಕೆ?"

"ಒಂದು ಅಡುಗೆ ಒಲೆದು, ಒಂದು ಬಚ್ಚಲೊಲೆದು."

"ಅಲ್ಲಿ ಬಚ್ಚಲೊಲೆ ಇದ್ದಾ?"

"ಇಕ್ಕು," ಎಂದೆ. ನಮ್ಮ ಮಾತಿನಲ್ಲಿ ಇರಬಹುದು ಎಂದರ್ಥ.

"ಇಕ್ಕು ಹೇಳಿರೆ? ನೀ ಕಂಡಿದ್ಯಾ?"

ನಾನು ಕೆಳಗಿನ ತಗಡಿನ ಮರೆಯ ಕಡೆ ನೋಡಿದೆ.

"ಆನು ದಿನಾ ಬಿಸ್ನೀರು ಸಿಕ್ತಾ ಹೇಳಿ ಕೇಳ್ತೆ," ಅಮ್ಮ ಹೇಳಿದಳು. "ಆ ನೀರು ಎಲ್ಲಿಂದ ಬತ್ತು ಹೇಳಿ ನೀ ಒಂದಿನಾನೂ ಕೇಳಿದ್ದಿಲ್ಯಾ?"

"ಇಲ್ಲೆ."

"ಡಿಗ್ರಿ ಎಷ್ಟಾತು ನಿಂದು?"

ಕುಂಟುತ್ತ ಕೆಳಗಿಳಿದು ನೇರ ಅಡುಗೆಯ ಗುಡಿಸಲಿಗೆ ಹೋದೆ. ಮೂರು ಕಲ್ಲಿನ ಒಲೆಯ ಎದುರು ಜೆರೊಪ್ ಕೂತಿದ್ದಳು. ನನ್ನ ಸ್ನಾನದ ನೀರು ಎಲ್ಲಿ ಕಾಯುತ್ತದೆ ಎಂದು ಕೇಳಿದೆ. ಒಂದು ವಾರದಲ್ಲಿ ನಾನು ಆ ಮನೆಯ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಅವಳು ಎದುರಿಗಿದ್ದ ಒಲೆಯನ್ನೇ ತೋರಿಸಿದಳು.

"ಇದರಲ್ಲೇ. ಚಹಾಕ್ಕೆ ಮೊದಲು. ಇನ್ನೆಲ್ಲಿ?"

"ಬೇರೆ ಮನೆಗಳಲ್ಲಿ?"

"ಅವರೆಲ್ಲ ಮಧ್ಯಾಹ್ನ ಬಿಸಿಲಿಗೆ ಹೊಳೆಯಲ್ಲಿ ಸ್ನಾನ ಮಾಡುತ್ತಾರೆ. ಬೆಳಿಗ್ಗೆ ಬಿಸಿನೀರು ನಿಮಗೊಬ್ಬರಿಗೇ."

ಎಲ್ಲಿಯೂ ಬಚ್ಚಲೊಲೆ ಇಲ್ಲ. ಅಂದರೆ ಒಂದು ಹೊಗೆಗೆ ಒಂದು ಮನೆ. ಇನ್ನೂರಾ ಹನ್ನೆರಡು ಮನೆಗಳ ಹಳ್ಳಿಯನ್ನು ನಾನು ಬೈರುಂಬೆಯ ಲೆಕ್ಕ ಹಾಕಿ ಅರ್ಧ ಮಾಡಿ, ಸಹಿ ಹಾಕಿ, ಕಟ್ಟಿಟ್ಟಿದ್ದೆ.

ಐದು ಬೂದಿಗುಡ್ಡೆ

ಮಾಮಾ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ತಪ್ಪಾಗಿದೆ ಎಂದು ಹೇಳಿದೆ. ನಾಳೆ ಮೇಡಂ ಬಂದ ಕೂಡಲೇ ಸಂಖ್ಯೆ ತಿದ್ದಿ ಇನ್ನೂರಾ ಹನ್ನೆರಡು ಮಾಡುತ್ತೇನೆ, ಎಲ್ಲರೆದುರು ಕ್ಷಮೆ ಕೇಳುತ್ತೇನೆ ಎಂದೆ.

ಮೊರ ನಿಂತಿತು.

"ಯಾಕೆ ತಿದ್ದುತ್ತಿ? ನೂರಾ ಆರು ಚೆಂದದ ಸಂಖ್ಯೆ."

"ಸರಿಯಲ್ಲವಲ್ಲ."

"ನಮ್ಮ ಜನರಿಗೆ ದೊಡ್ಡ ಸಂಖ್ಯೆ ಆಗಿಬರುವುದಿಲ್ಲ, ಮಗಳೇ. ದೃಷ್ಟಿ."

"ಮಾಮಾ, ತಪ್ಪು ಬರೆದು ಸಹಿ ಹಾಕಿದ್ದೇನೆ. ಬಿಡಲಿಕ್ಕೆ ಬರುವುದಿಲ್ಲ."

ಅವರು ಜೆರೊಪ್‌ಳನ್ನು ನೋಡಿದರು. ಜೆರೊಪ್ ಸೂರನ್ನು ನೋಡಿದಳು. ಸೂರಿನಲ್ಲಿ ಏನೂ ಇರಲಿಲ್ಲ. ಕೊನೆಗೆ ಮಾಮಾ ಬೆನ್ನ ಮೇಲೆ ಕೈಯಿಟ್ಟುಕೊಂಡು ಎದ್ದು, "ಬಾ," ಎಂದು ನನ್ನನ್ನು ಬಾಳೆಗುಂಪಿನ ಆಚೆ ಕರೆದೊಯ್ದರು.

ಅಲ್ಲಿ ಸಾಲಾಗಿ ಐದು ಬೂದಿಗುಡ್ಡೆಗಳಿದ್ದವು. ಒಂದು ಹಳೆಯ ಕಣಜದ ಬುಡದಲ್ಲಿ, ಒಂದು ಆಡಿನ ಕೊಟ್ಟಿಗೆಯ ಬಾಗಿಲಲ್ಲಿ, ಮೂರು ಬಯಲಲ್ಲೇ. ಬೆಳಿಗ್ಗೆ ಬಂಡೆಯ ಮೇಲಿಂದ ಆ ಜಾಗದಲ್ಲಿ, ಅಡುಗೆಮನೆಯದೂ ಸೇರಿ, ಆರು ಹೊಗೆ ಕಂಡಿದ್ದೆ. ಬಾಳೆಯ ಆಚೆ ನಾನು ನೋಡದ ಎರಡು ಮನೆ ಇರಬೇಕು ಎಂದು ಮಾಮಾಳದ್ದೂ ಸೇರಿ ಮೂರು ಚುಕ್ಕೆ ಇಟ್ಟಿದ್ದೆ.

"ಮುದುಕಿಯೊಬ್ಬಳು ಹಸಿ ಸೌದೆ ಊದಿ ಊದಿ ಆರು ಕಡೆ ಬೆಂಕಿ ಮಾಡಿದ್ದಾಳೆ," ಎಂದರು ಮಾಮಾ. "ಬೆನ್ನು ನೋಯದೆ ಏನಾಗುತ್ತದೆ? ಮನೆಗೆ ಒಂದೊಂದು ಹೆಚ್ಚು ಹೊತ್ತಿಸಿ ಎಂದು ಊರಿಗೆಲ್ಲ ಹೇಳಿ ಕಳಿಸಿದ್ದೆ. ನಾನು ಹಿರಿಯಳು, ನನಗೆ ಒಂದು ಸಾಲದು ಅನ್ನಿಸಿತು."

ಅಷ್ಟೂ ಮಾತು ತಲೆಗೆ ಹೋಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವರು ಎರಡರಷ್ಟು ಮಾಡಿದ್ದರು. ನಾನು ಅರ್ಧ ಮಾಡಿದ್ದೆ.

"ನೀನು ಅರ್ಧ ಬರೆದದ್ದನ್ನು ಜೆರೊಪ್ ಬಂದು ಹೇಳಿದಾಗ ನಾವೆಲ್ಲ ಹೆದರಿದೆವು," ಮಾಮಾ ಮುಂದುವರಿಸಿದರು. "ಇಂಡಿಯಾದ ಹುಡುಗಿಗೆ ಗೊತ್ತಾಗಿಬಿಟ್ಟಿದೆ, ಆದರೂ ಯಾರ ಮಾನವನ್ನೂ ಕಳೆಯದೆ ಸುಮ್ಮನೆ ಸರಿಮಾಡಿದಳು ಅಂದುಕೊಂಡೆವು. ಈಗ ನೋಡಿದರೆ ನಿನಗೆ ಏನೂ ಗೊತ್ತಿಲ್ಲ."

ಇದು ಬೈಗುಳವೋ ಹೊಗಳಿಕೆಯೋ ಈಗಲೂ ತಿಳಿದಿಲ್ಲ.

"ಹಾಗಾದರೆ ನಿಜವಾಗಿ ಎಷ್ಟು ಮನೆ?" ಕೇಳಿದೆ.

"ನಮಗೇನು ಗೊತ್ತು? ನಾವು ಎಣಿಸುವುದಿಲ್ಲ."

"ಇನ್ನೂ ಎಷ್ಟು ಜನ ನಿಮ್ಮ ಹಾಗೆ ಹೆಚ್ಚು ಹೊತ್ತಿಸಿದ್ದಾರೆ?"

ಮಾಮಾ ಇಳಿಜಾರನ್ನು ಒಮ್ಮೆ ನೋಡಿದರು. "ನನ್ನ ಭಾವ ಮೈದುನರೆಲ್ಲ ನನ್ನಂಥವರೇ," ಎಂದರು.

ಮಾಮಾಳ ಕಳ್ಳಲೆಕ್ಕ ಕಳೆದರೆ ನೂರಾ ನಾಲ್ಕು. ಉಳಿದವರಲ್ಲಿ ನಾಲ್ಕು ಮನೆಯವರು ಹೇಳಿದ್ದಕ್ಕಿಂತ ಎರಡೆರಡು ಹೆಚ್ಚಿಗೆ ಹೊತ್ತಿಸಿದ್ದರೂ ಸಾಕು, ನೂರರ ಮೇಲೆ ಹೋಗುವ ಆಸೆ ಅಲ್ಲಿಗೇ ಮುಗಿಯಿತು. ನಾನು ನಕ್ಷೆ ಬಿಚ್ಚಿ ಬಾಳೆಯ ಆಚೆಯ ಎರಡು ಚುಕ್ಕೆ ಅಳಿಸಿದೆ. ನೂರಾ ಆರನ್ನು ಹೊಡೆದು ನೂರಾ ನಾಲ್ಕು ಮಾಡಿದೆ. ಪಕ್ಕದಲ್ಲಿ 'ದೂರದಿಂದ ನೋಡಿದ್ದು, ಸ್ಥಳಕ್ಕೆ ಹೋಗಿ ಖಚಿತಪಡಿಸಿಕೊಳ್ಳಬೇಕು' ಎಂದು ಸೇರಿಸಿದೆ. ಆ ಹೊತ್ತಿನಲ್ಲಿ ನನ್ನಲ್ಲಿದ್ದ ಪ್ರಾಮಾಣಿಕತೆ ಅಷ್ಟೇ. ಮಾಮಾ ಓದಿಸಿ ಕೇಳಿಕೊಂಡು, ಆ ಕೊನೆಯ ಸಾಲಿಗೆ ಹಣೆ ಗಂಟು ಹಾಕಿದರು.

ಬರಾಜಾ

ಮರದಡಿ ಸೇರುವ ಸಭೆಗೆ ಬರಾಜಾ ಎನ್ನುತ್ತಾರೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಎಲ್ಲರಿಗೂ ಸೇರಿದ ಒಂದು ಕೋಳಿ. ಮೇಡಂ ಶುಕ್ರವಾರ ಹೇಳಿದ ಹೊತ್ತಿಗೆ ಸಂಕ ದಾಟಿ ಬಂದರು, ಕೂತೇ ದಾಟಿದರು, ಬಟ್ಟೆ ಕೊಡವಿಕೊಂಡು ನನ್ನ ಕಾಗದ ಓದಿದರು. ಕೊನೆಯ ಸಾಲಿನ ಹತ್ತಿರ ಕಣ್ಣು ನಿಂತಿತು.

"ಖಚಿತಪಡಿಸಿಕೊಳ್ಳಬೇಕು. ಸರಿ. ಚೀಫ್, ಹೋಗಿ ಬನ್ನಿ."

"ಈಗಲೇ?" ಎಂದರು ಚೀಫ್.

"ಊಟದೊಳಗೆ. ಪ್ರತಿ ಒಲೆಯ ಮನೆಯಿಂದ ಒಂದು ಕಾಳು ಜೋಳ ಇಸಿದುಕೊಂಡು ಟೋಪಿಗೆ ಹಾಕಿ. ಅದನ್ನು ಈ ಹುಡುಗಿ ಎಣಿಸುತ್ತಾಳೆ. ಅವಳು ಹೊರಗಿನವಳು, ದೋಷವಿಲ್ಲ." ಆಮೇಲೆ, ಚಹಾ ಲೋಟ ಕೆಳಗಿಡುತ್ತ, ಏನೋ ನೆನಪಾದವರಂತೆ ಸೇರಿಸಿದರು: "ನೂರು ದಾಟದಿದ್ದರೆ ಸಬ್‌ಲೊಕೇಶನ್ ಒಡೆಯುವುದಿಲ್ಲ. ಆದರೆ ಇವರ ದೂರು ನಿಜ. ಹಾಗಾಗಿ ಆಗ ನೀವೇ ವಾರಕ್ಕೆ ಮೂರು ದಿನ ಹೊಳೆ ದಾಟಿ ಬಂದು ಇಲ್ಲಿ ಕೂರಬೇಕು. ನೂರು ದಾಟಿದರೆ, ಹೊಸ ಚೀಫ್ ಬರುವ ತನಕ ವಾರಕ್ಕೊಂದು ದಿನ ಸಾಕು."

ಚೀಫ್ ಸಂಕದ ಕಡೆ ನೋಡಿದರು. ಆಮೇಲೆ ತಮ್ಮ ಮಂಡಿ ನೋಡಿಕೊಂಡರು. ಟೋಪಿ ತೆಗೆದುಕೊಂಡು ಹೊರಟರು.

ಅವರು ಬರುವ ತನಕ ಜೆರೊಪ್ ತನ್ನ ಗುರುತಿನ ಚೀಟಿಯ ಅರ್ಜಿಯನ್ನು ಮಡಚಿ ಬಿಚ್ಚಿ ಮಡಚಿ, ಅದರ ಮಡಿಕೆ ಹರಿಯುವ ಹಾಗಾಗಿತ್ತು. ಬಿಸಿಲು ನೆತ್ತಿಗೆ ಬಂದು ಇಳಿಯತೊಡಗಿದಾಗ ಚೀಫ್ ಬೆವರಿಳಿಸುತ್ತ ಬಂದು ಟೋಪಿಯನ್ನು ಚಾಪೆಯ ಮೇಲೆ ಬಗ್ಗಿಸಿದರು. ಮೊದಲು ಕೋಳಿಯನ್ನು ಓಡಿಸಬೇಕಾಯಿತು.

ಹತ್ತು ಹತ್ತರ ಗುಂಪು ಮಾಡುತ್ತ ಹೋದೆ. ಮನೆಮನೆಯ ಕಾಳು ಬೇರೆ ಬೇರೆ: ಹಳದಿ, ಬಿಳಿ, ನೇರಳೆ ಬಣ್ಣದ್ದು, ಹುಳ ತಿಂದದ್ದು. ಏಳು ಗುಂಪು. ಎಂಟು. ಒಂಬತ್ತನೆಯ ಗುಂಪು ಮುಗಿದಾಗ ಮಾಮಾ ಕಣ್ಣು ಮುಚ್ಚಿಕೊಂಡರು. ಹತ್ತನೆಯ ಗುಂಪಿನಲ್ಲಿ ಐದು ಇಟ್ಟೆ. ಟೋಪಿಯ ಪಟ್ಟಿಯೊಳಗೆ ಸಿಕ್ಕಿಕೊಂಡಿದ್ದವನ್ನು ಚೀಫ್ ಬೆರಳು ಹಾಕಿ ತೆಗೆದು ಕೊಟ್ಟರು. ಇನ್ನೂ ಆರು. ದಪ್ಪ ದಪ್ಪ, ಬಿಳಿ, ಒಂದೇ ತೆನೆಯಿಂದ ಬಿಡಿಸಿದ ಹಾಗೆ ಒಂದೇ ಗಾತ್ರ.

"ನೂರಾ ಒಂದು," ಎಂದೆ.

ಕೂಗಾಟವೇನೂ ಆಗಲಿಲ್ಲ. ಹೆಂಗಸರ ಕಡೆಯಿಂದ ಒಂದು ನಿಟ್ಟುಸಿರು ಬಂತು, ಅಷ್ಟೆ. ಮೇಡಂ ನನ್ನ ಕಾಗದ ಎತ್ತಿ ಹಿಡಿದರು. "ನೀವು ಬರೆದದ್ದು ನೂರಾ ನಾಲ್ಕು. ಮೂರು ಮನೆ ಎಲ್ಲಿ ಹೋದವು?"

ಮಾಮಾಳ ಇಬ್ಬರು ಮೈದುನರು ತಮ್ಮ ಚಪ್ಪಲಿ ನೋಡಿಕೊಂಡರು.

"ಬಂಡೆಯ ಮೇಲಿಂದ ನೋಡಿದ್ದು, ಮೇಡಂ," ಎಂದೆ. "ಇಷ್ಟು ವ್ಯತ್ಯಾಸ ಬರುತ್ತದೆ."

"ಇಷ್ಟು ಕಡಿಮೆ ವ್ಯತ್ಯಾಸ ನಾನು ಈ ಕೌಂಟಿಯಲ್ಲಿ ನೋಡಿಯೇ ಇಲ್ಲ," ಎಂದು ಅವರು ಮುದ್ರೆ ಒತ್ತಿದರು.

ಚೀಫ್ ಅಲ್ಲೇ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಈಚೆ ದಡದ ಮೊದಲ ಸಹಿ ಹಾಕಿದರು. ಜೆರೊಪ್‌ಳ ಅರ್ಜಿ. ಮಡಿಕೆ ಹರಿದ ಜಾಗಕ್ಕೆ ಮಾಮಾ ಗಂಜಿಯ ಅಂಟು ಹಚ್ಚಿದ್ದರು.

"ಈಗ ಹುಟ್ಟಿದಳು," ಎಂದರು ಮಾಮಾ. "ಇನ್ನು ಒಬ್ಬರಷ್ಟೇ ಉಣ್ಣಲಿ."

ಮತ್ತೆ ಕಾಲುಸಂಕ

ನಾನು ಹೊರಟ ದಿನ ಚೀಫ್ ನನ್ನ ಚೀಲ ಹೊತ್ತುಕೊಂಡು ಸಂಕದ ತನಕ ಬಂದರು. ಬೆಳಿಗ್ಗೆ ಬಾಗಿಲಲ್ಲಿ ಬೋಗುಣಿ ಎಂದಿನಂತೆ ಇತ್ತು. ಈ ಸಲ ಅದರ ಜೊತೆ ಜೆರೊಪ್ ಕೂಡ ನಿಂತಿದ್ದಳು, ನಾನು ಏನಾದರೂ ಕೇಳಬಹುದೇನೋ ಎಂದು. ಅವಳ ಕಾಲೇಜು ಯಾವಾಗ ಶುರು ಎಂದು ಕೇಳಿದೆ. ಅರ್ಧ ಗಂಟೆ ಹೇಳಿದಳು. ಬಿಸಿನೀರು ಆರಿಹೋಯಿತು.

ಸಂಕದ ಹತ್ತಿರ ಚೀಫ್ ಒಂದು ಕಲ್ಲಿನ ಮೇಲೆ ಕೂತು ಮಂಡಿ ಉಜ್ಜಿಕೊಂಡರು. ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಆಗ ಕೇಳಿಯೇ ಬಿಟ್ಟೆ.

"ಚೀಫ್, ಆ ದಿನ ಎಲ್ಲಾ ಮನೆಗೂ ಹೋಗಿದ್ದಿರಾ?"

ಅವರು ಹೊಳೆ ನೋಡಿದರು. "ತೀರ ಮೇಲಿನ ಏರಿಗೆ ಮಂಡಿ ಕೇಳಲಿಲ್ಲ, ಮಗಳೇ. ಕೆಳಗೆ ನಿಂತೆ. ಹೊಗೆ ನೋಡಿ ಕಾಳು ಹಾಕಿದೆ."

"ಆ ಕಾಳು ಎಲ್ಲಿಂದ ಬಂತು?"

"ನನ್ನ ಜೇಬಿನಲ್ಲಿತ್ತು. ಹುರಿದು ತಿನ್ನಲಿಕ್ಕೆ ಇಟ್ಟುಕೊಂಡಿದ್ದೆ."

"ಎಷ್ಟು ಹೊಗೆ ಇತ್ತು?"

ಚೀಫ್ ಎದ್ದು, ಚೀಲವನ್ನು ನನ್ನ ಹೆಗಲಿಗೆ ಏರಿಸಿ, ಪಟ್ಟಿ ಸರಿಮಾಡಿದರು.

"ನಾವು ಎಣಿಸುವುದಿಲ್ಲ," ಎಂದರು.

ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು: ಆ ಹೊಗೆಗಳು ಜೋಡಿಯಾಗಿ ಇದ್ದವೋ, ಒಂಟಿಯಾಗಿ ಇದ್ದವೋ ಎಂದು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೆ. ಹೊಳೆ ನೋಡದೆ ದಾಟಿದೆ. ಕೇಳಲಿಲ್ಲ. ಕೇಳದೆ ಇರುವುದರಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಅಭ್ಯಾಸವಿದೆ.